ಸ್ತ್ರೀವೇಷ ಮತ್ತು ಹಾಸ್ಯ: ಒಂದು ವಿವೇಚನೆ

೧

ಗಂಡಸು ಸೀರೆಯುಟ್ಟು ರಂಗಕ್ಕೆ ಬಂದೊಡನೆ ಸಭೆ ನಗುತ್ತದೆ. ಅವನು ಇನ್ನೂ ಒಂದು ಮಾತನ್ನೂ ಆಡಿರುವುದಿಲ್ಲ. ಕಥೆಯ ಎಳೆ ಇನ್ನೂ ಬಿಚ್ಚಿರುವುದಿಲ್ಲ. ಆದರೂ ನಗೆ ಆಗಲೇ ಬಂದಿರುತ್ತದೆ. ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ, ಊರಹಬ್ಬದ ನಾಟಕಗಳಲ್ಲಿ, ಚಲನಚಿತ್ರಗಳಲ್ಲಿ, ಈಚೆಗೆ ಕಿರುತೆರೆಯ ಹಾಸ್ಯಸ್ಪರ್ಧೆಗಳಲ್ಲಿ ಇದು ಎಲ್ಲರೂ ಕಂಡ ಸಂಗತಿ. ಈ ನಗೆ ನಿರಪಾಯವಾದುದೆ, ಅಥವಾ ಅದರಲ್ಲಿ ಹೆಣ್ಣಿನ ಬಗೆಗೆ ತಿರಸ್ಕಾರ ಅಡಗಿದೆಯೆ ಎಂಬುದು ಪ್ರಕೃತ ಪ್ರಶ್ನೆ. ಹಾಸ್ಯವನ್ನು ಹಾಸ್ಯವೆಂದೇ ನೋಡಬೇಕು, ಅದಕ್ಕೆ ನೀತಿಯ ತೂಕವನ್ನು ಹೇರಬಾರದು ಎನ್ನುವವರು ಒಂದು ಪಕ್ಷ. ಹೆಣ್ಣಿನ ಉಡುಗೆ ನಗೆಯ ವಸ್ತುವಾದರೆ ಹೆಣ್ಣೇ ನಗೆಯ ವಸ್ತುವಾದಂತೆ ಎನ್ನುವವರು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ವೇಷವನ್ನು ನೋಡುತ್ತವೆಯೇ ಹೊರತು ಆ ವೇಷವು ಸನ್ನಿವೇಶದಲ್ಲಿ ಮಾಡುವ ಕೆಲಸವನ್ನು ನೋಡುವುದಿಲ್ಲ. ಆ ಕೆಲಸವನ್ನು ಗಮನಿಸದೆ ಈ ಪ್ರಶ್ನೆಗೆ ಉತ್ತರ ದೊರೆಯಲಾರದು ಎಂಬುದು ಈ ಲೇಖನದ ಅಭಿಪ್ರಾಯ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸ್ತ್ರೀಪಾತ್ರದ ಅಭಿನಯ ಬೇರೆ, ಸ್ತ್ರೀವೇಷದ ವಿನೋದ ಬೇರೆ. ಪುರುಷನು ಸ್ತ್ರೀಯ ಪಾತ್ರವನ್ನೂ ಸ್ತ್ರೀಯು ಪುರುಷನ ಪಾತ್ರವನ್ನೂ ಧರಿಸುವ ರೂಢಿಯನ್ನು ಭರತನ ನಾಟ್ಯಶಾಸ್ತ್ರವು ಗುರುತಿಸಿ, ಅದಕ್ಕೆ ರೂಪಾನುಸಾರಿಣಿ ಎಂಬ ಹೆಸರನ್ನು ಕೊಟ್ಟಿದೆ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ಕಂಡವರು ನಗಲಿಲ್ಲ. ಪಾತ್ರದ ಅಳಲಿನಲ್ಲಿ ತಾವೂ ಮುಳುಗಿದರು. ಮರಾಠಿ ರಂಗಭೂಮಿಯ ಬಾಲಗಂಧರ್ವರು (೧೮೮೮–೧೯೬೭) ಉಟ್ಟ ಸೀರೆಯ ರೀತಿಯನ್ನು, ತೊಟ್ಟ ಒಡವೆಯ ಬಗೆಯನ್ನು ಅಂದಿನ ಗೃಹಿಣಿಯರೇ ಅನುಸರಿಸಿದರೆಂಬುದು ಪ್ರಸಿದ್ಧವಾದ ಮಾತು. ಇಂಥಲ್ಲಿ ನಟನು ತನ್ನ ಗಂಡುತನವನ್ನು ಮರೆಸಲು ದುಡಿಯುತ್ತಾನೆ. ವಿನೋದದ ವೇಷದಲ್ಲಾದರೋ ಅವನು ಅದನ್ನು ನೆನಪಿಸಲು ದುಡಿಯುತ್ತಾನೆ. ಮೀಸೆ ಕಾಣಿಸಬೇಕು, ದನಿ ಒಡೆಯಬೇಕು, ಸೆರಗು ಜಾರಬೇಕು, ಇಲ್ಲವಾದರೆ ನಗೆಯಿಲ್ಲ. ಆದುದರಿಂದ ನಗೆಯ ಮೂಲವು ಸೀರೆಯಲ್ಲಿಲ್ಲ, ಸೀರೆಗೂ ಅದನ್ನುಟ್ಟವನಿಗೂ ನಡುವೆ ಬೇಕೆಂದೇ ಉಳಿಸಿದ ಬಿರುಕಿನಲ್ಲಿದೆ.

ಹಾಗೆಂದು ಮೊದಲನೆಯ ಬಗೆಯದು ಸರ್ವಥಾ ನಿರ್ದೋಷವೆಂದು ಹೇಳುವಂತಿಲ್ಲ. ಕೈಶಿಕೀ ವೃತ್ತಿಯನ್ನು ಸ್ತ್ರೀಯರಿಲ್ಲದೆ ಕೇವಲ ಪುರುಷರಿಂದ ನಡೆಸಲಾಗದೆಂದು ಭರತನು ತಿಳಿಸಿದ ಮೇಲೆ ಬ್ರಹ್ಮನು ಅಪ್ಸರೆಯರನ್ನು ಸೃಷ್ಟಿಸಿದನೆಂದು ನಾಟ್ಯಶಾಸ್ತ್ರದ ಮೊದಲ ಅಧ್ಯಾಯವೇ ಹೇಳುತ್ತದೆ. ಶಾಸ್ತ್ರವು ಹೀಗೆ ಹೆಣ್ಣನ್ನು ರಂಗಕ್ಕೆ ಕರೆದಿದ್ದರೂ ನಮ್ಮ ಸಮಾಜವು ಬಹುಕಾಲ ಅವಳನ್ನು ರಂಗದಿಂದ ದೂರವಿಟ್ಟಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ವೃತ್ತಿನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರವನ್ನು ಸಾಮಾನ್ಯವಾಗಿ ಗಂಡಸರೇ ವಹಿಸಿದರು. ಆ ನಟರ ಕಲೆ ದೊಡ್ಡದು. ಆ ಕಲೆಯ ಅಗತ್ಯವನ್ನು ಹುಟ್ಟಿಸಿದ ನಿಷೇಧವು ದೊಡ್ಡದಲ್ಲ. ಒಂದನ್ನು ಗೌರವಿಸುವಾಗ ಇನ್ನೊಂದನ್ನು ಮರೆಯಬೇಕಾದುದಿಲ್ಲ.

೨

ಇನ್ನು ವಿನೋದದ ವೇಷವನ್ನು ನೋಡೋಣ. ಹಾಸ್ಯರಸದ ವಿಭಾವಗಳನ್ನು ಹೇಳುವಾಗ ನಾಟ್ಯಶಾಸ್ತ್ರವು ವಿಕೃತವಾದ ವೇಷಾಲಂಕಾರಗಳಿಗೆ ಮೊದಲ ಸ್ಥಾನವನ್ನು ಕೊಡುತ್ತದೆ. ಯಾವುದು ಎಲ್ಲಿರಬೇಕೋ ಅಲ್ಲಿಲ್ಲದೆ ಬೇರೆಡೆ ಇದ್ದರೆ ನಗೆ ಹುಟ್ಟುತ್ತದೆ ಎಂಬುದು ಇದರ ತಾತ್ಪರ್ಯ. ಈ ತತ್ತ್ವವೊಂದೇ ಸಾಲುವುದಾದರೆ ಗಂಡಿನ ಉಡುಗೆ ತೊಟ್ಟ ಹೆಣ್ಣೂ ಅಷ್ಟೇ ನಗೆ ತರಬೇಕಾಗಿತ್ತು. ಆದರೆ ಹಾಗಾಗುವುದಿಲ್ಲ. ಕತ್ತಿ ಹಿಡಿದು ಕುದುರೆಯೇರಿದ ಕಿತ್ತೂರಿನ ಚೆನ್ನಮ್ಮನನ್ನು ನಾಟಕದಲ್ಲಿ ಕಂಡು ಯಾರೂ ನಗುವುದಿಲ್ಲ, ಮೈ ನವಿರೇಳುತ್ತದೆ. ಮನೆಯಲ್ಲಿ ದಿಟ್ಟತನ ತೋರಿದ ಹುಡುಗಿಯನ್ನು ಗಂಡುಬೀರಿಯೆಂದು ಗದರಿಸುವುದುಂಟು. ಆದರೆ ಗದರಿಕೆ ಬೇರೆ, ನಗೆ ಬೇರೆ. ಮೇಲೇರಲು ಹೊರಟವರನ್ನು ಗದರಿಸುತ್ತೇವೆ. ಕೆಳಗೆ ಜಾರಿದವರನ್ನು ನೋಡಿ ನಗುತ್ತೇವೆ.

ನಮ್ಮ ನುಡಿಯೇ ಇದಕ್ಕೆ ಸಾಕ್ಷಿ. “ನಾನೇನು ಕೈಗೆ ಬಳೆ ತೊಟ್ಟುಕೊಂಡಿಲ್ಲ” ಎಂಬ ಮಾತು ಪೌರುಷದ ಪ್ರತಿಜ್ಞೆಯಾಗಿ ಬಳಕೆಯಲ್ಲಿದೆ. ಕರ್ತವ್ಯದಲ್ಲಿ ತಪ್ಪಿದ ಅಧಿಕಾರಿಗೋ ಮಂತ್ರಿಗೋ ಪ್ರತಿಭಟನಕಾರರು ಸೀರೆ, ಬಳೆ, ಅರಿಸಿನ, ಕುಂಕುಮಗಳನ್ನು ಕಳುಹಿಸುವುದುಂಟು. ಆ ಬಳೆಯನ್ನು ತೊಟ್ಟೇ ಹೆಂಗಸರು ಗದ್ದೆಯಲ್ಲಿ ನಾಟಿ ಮಾಡುತ್ತಾರೆ, ಶಾಲೆಯಲ್ಲಿ ಪಾಠ ಹೇಳುತ್ತಾರೆ, ನ್ಯಾಯಾಲಯದಲ್ಲಿ ವಾದಿಸುತ್ತಾರೆ ಎಂಬುದು ಕಳುಹಿಸುವವರ ಮನಸ್ಸಿಗೆ ಬರುವುದಿಲ್ಲ. ಕೆಲವೊಮ್ಮೆ ಅವನ್ನು ಕಳುಹಿಸುವವರು ಹೆಂಗಸರೇ ಆಗಿರುತ್ತಾರೆ ಎಂಬುದು ಈ ರೂಢಿಯ ಆಳವನ್ನು ತೋರಿಸುತ್ತದೆ. ಹಾಸ್ಯರಸವು ಹೆಚ್ಚಾಗಿ ಸ್ತ್ರೀಯರಲ್ಲೂ ನೀಚಪ್ರಕೃತಿಯವರಲ್ಲೂ ಕಂಡುಬರುತ್ತದೆಯೆಂದು ನಾಟ್ಯಶಾಸ್ತ್ರವು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ಇಲ್ಲಿ ನೆನೆಯಬಹುದು. ನಗೆಯ ನೆಲ ಸಮತಟ್ಟಾಗಿಲ್ಲ, ಅದಕ್ಕೊಂದು ಇಳಿಜಾರುಂಟು. ಗಂಡಸು ಸೀರೆಯುಟ್ಟಾಗ ಅವನು ಒಂದು ಮೆಟ್ಟಿಲು ಇಳಿದನೆಂದು ಸಭೆ ಅರಿಯದೆಯೇ ಭಾವಿಸುತ್ತದೆ. ಮಾತಿಗೆ ಮುಂಚೆಯೇ ಬರುವ ಆ ಮೊದಲ ನಗೆಗೆ ಇದೇ ಮುಖ್ಯವಾದ ಕಾರಣ. ಆದುದರಿಂದ ಅದು ಸಂಪೂರ್ಣವಾಗಿ ನಿರಪಾಯವೆಂಬ ಮಾತು ನಿಲ್ಲುವುದಿಲ್ಲ. ಸಭೆಯಲ್ಲಿ ಹೆಂಗಸರೂ ನಗುತ್ತಾರಲ್ಲ ಎಂಬ ಸಮಾಧಾನವೂ ಸಾಲದು. ಎಲ್ಲರೂ ನಗುವಲ್ಲಿ ಒಬ್ಬರೇ ಮುಖ ಬಿಗಿದು ಕುಳಿತರೆ ಅವರೇ ಮುಂದಿನ ನಗೆಗೆ ವಸ್ತುವಾಗುತ್ತಾರೆಂಬುದು ಎಲ್ಲರಿಗೂ ಗೊತ್ತು.

೩

ಇಷ್ಟು ಹೇಳಿದ ಮಾತ್ರಕ್ಕೆ ಎರಡನೆಯ ಪಕ್ಷವೇ ಗೆದ್ದಂತಾಗಲಿಲ್ಲ. ಮೊದಲ ನಗೆಯನ್ನು ಹಿಡಿದು ಅದನ್ನು ಬೇರೆಡೆಗೆ ತಿರುಗಿಸಬಲ್ಲ ಕೃತಿಗಳುಂಟು. ವಿರಾಟಪರ್ವವು ಅವುಗಳಲ್ಲಿ ಹಿರಿದು.

ವ್ಯಾಸಭಾರತದಲ್ಲಿ ಬೃಹನ್ನಳೆಯು ಯುದ್ಧಕ್ಕೆ ಹೊರಡುವಾಗ ಕವಚವನ್ನು ತೊಡಲು ಬಾರದವಳಂತೆ ನಟಿಸಿದಾಗ ಅಂತಃಪುರದ ಕನ್ಯೆಯರು ನಗುತ್ತಾರೆ. ಮುಂದೆ ಕೌರವಸೇನೆಯನ್ನು ಕಂಡು ಓಡಿಹೋಗುವ ಉತ್ತರನನ್ನು ಹಿಡಿಯಲು ಬೃಹನ್ನಳೆಯು ಜಡೆ ಬೀಸುತ್ತ, ಕೆಂಪು ವಸ್ತ್ರ ಹಾರಾಡಿಸುತ್ತ ಓಡುವಾಗ ಸೈನಿಕರಲ್ಲಿ ಕೆಲವರು ನಗುತ್ತಾರೆ. ಎರಡು ಕಡೆಯಲ್ಲೂ ವೇಷವನ್ನು ಕಂಡು ನಗುವವರು ನಿಜವನ್ನು ಅರಿಯದವರು. ವಿರಾಟನಾದರೋ ಬೃಹನ್ನಳೆಯನ್ನು ಹೊಗಳಿದ ತಪ್ಪಿಗಾಗಿ ಕಂಕಭಟ್ಟನ ಮುಖಕ್ಕೆ ದಾಳವನ್ನು ಎಸೆಯುತ್ತಾನೆ. ಆ ತಿರಸ್ಕಾರಕ್ಕಾಗಿ ಮರುಕ್ಷಣವೇ ಪಶ್ಚಾತ್ತಾಪ ಪಡಬೇಕಾಗುತ್ತದೆ. ಓದುಗನ ನಗೆಯಾದರೋ ಬೃಹನ್ನಳೆಯ ಮೇಲೆ ನಿಲ್ಲದೆ ಕವಚ ತೊಟ್ಟ ರಾಜಕುಮಾರನ ಮೇಲೆ ಬೀಳುತ್ತದೆ. “ಉತ್ತರನ ಪೌರುಷ ಒಲೆಯ ಮುಂದೆ” ಎಂಬ ಗಾದೆಯಲ್ಲಿ ಕನ್ನಡಿಗರು ನಗೆಯಾಡಿದುದು ಗಂಡುಡುಗೆಯ ಹೇಡಿಯನ್ನೇ ಹೊರತು ಹೆಣ್ಣುಡುಗೆಯ ವೀರನನ್ನಲ್ಲ.

ಯಕ್ಷಗಾನದ ಕೀಚಕವಧೆಯನ್ನೂ ಹೀಗೆಯೇ ನೋಡಬಹುದು. ಸ್ತ್ರೀವೇಷ ತೊಟ್ಟ ವಲಲನು ಕತ್ತಲೆಯ ನಾಟ್ಯಶಾಲೆಯಲ್ಲಿ ಕಾದಿರುತ್ತಾನೆ. ಕೀಚಕನ ಸರಸದ ಮಾತುಗಳು ಒಂದೊಂದೂ ನಗೆ ತರುತ್ತವೆ. ಆದರೆ ಈ ನಗೆಯ ಹಿಂದೆ ಒಂದು ಸಂಗತಿಯಿದೆ. ಅದೇ ಕೀಚಕನು ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದೆದಾಗ ರಾಜನಾಗಲಿ ಸಭಾಸದರಾಗಲಿ ಅವಳಿಗೆ ನ್ಯಾಯ ದೊರಕಿಸಲಿಲ್ಲ. ಅವಳ ಸ್ಥಾನದಲ್ಲಿ ಈಗ ಭೀಮನು ಕುಳಿತಿದ್ದಾನೆ. ಅವಳು ಕೇಳಬೇಕಾಗಿದ್ದ ಮಾತನ್ನು ಅವನು ಕೇಳುತ್ತಿದ್ದಾನೆ. ಅವಳ ಮೇಲೆ ಬೀಳಬೇಕಾಗಿದ್ದ ಕೈ ಅವನ ಮೇಲೆ ಬೀಳುತ್ತದೆ. ಸೀರೆಯು ಇಲ್ಲಿ ಇಳಿದ ಮೆಟ್ಟಿಲಲ್ಲ. ಸನ್ನಿವೇಶ ಮುಗಿದಾಗ ಹಾಸ್ಯಾಸ್ಪದನಾಗುವವನು ಕಾಮುಕನೊಬ್ಬನೇ.

ಈ ಎರಡಕ್ಕೂ ನಡುವೆ ನಿಲ್ಲುವ ಒಂದು ಉದಾಹರಣೆಯನ್ನು ಇಂಗ್ಲಿಷ್ ನಾಟಕದಿಂದ ತೆಗೆದುಕೊಳ್ಳಬಹುದು. ೧೬೦೨ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರನ ‘ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದಲ್ಲಿ ಪರಸ್ತ್ರೀಯರನ್ನು ಬಯಸಿ ಬಂದ ಫಾಲ್‌ಸ್ಟಾಫನಿಗೆ ಆ ಗೃಹಿಣಿಯರೇ ಉಪಾಯದಿಂದ ಒಬ್ಬ ದಪ್ಪ ಮುದುಕಿಯ ಉಡುಗೆ ತೊಡಿಸುತ್ತಾರೆ. ಆ ಮುದುಕಿಯನ್ನು ಮಾಟಗಾತಿಯೆಂದು ದ್ವೇಷಿಸುವ ಮನೆಯ ಯಜಮಾನನು ಅವನನ್ನು ಬಡಿದು ಅಟ್ಟುತ್ತಾನೆ. ಲಂಪಟನಿಗೆ ತಕ್ಕ ಶಾಸ್ತಿಯಾಯಿತೆಂದು ನಾವು ನಗುತ್ತೇವೆ. ಉಪಾಯವು ಹೆಂಗಸರದು, ಗೆಲುವೂ ಅವರದು. ಆದರೆ ನಿಜವಾಗಿಯೂ ಆ ಮುದುಕಿಯೇ ಬಂದಿದ್ದರೆ ಪೆಟ್ಟು ಅವಳಿಗೆ ಬೀಳುತ್ತಿತ್ತು. ನಗುವ ಭರದಲ್ಲಿ ಆ ಹೆಂಗಸನ್ನು ಯಾರೂ ನೆನೆಯುವುದಿಲ್ಲ. ಒಂದೇ ದೃಶ್ಯದಲ್ಲಿ ನಗೆಯ ಬಾಣವು ಇಬ್ಬರಿಗೆ ತಾಗುವುದುಂಟು. ವಿಮರ್ಶಕನು ಎರಡನೆಯ ಗಾಯವನ್ನೂ ಎಣಿಸಬೇಕು.

ಚಲನಚಿತ್ರಗಳಲ್ಲಿ ಈ ಮಿಶ್ರಣವೇ ಹೆಚ್ಚು. ೧೯೯೩ರ ‘ಮಿಸೆಸ್ ಡೌಟ್‌ಫೈರ್’, ಅದರ ಜಾಡಿನಲ್ಲಿ ಬಂದ ೧೯೯೬ರ ತಮಿಳಿನ ‘ಅವ್ವೈ ಷಣ್ಮುಗಿ’, ೧೯೯೭ರ ಹಿಂದಿಯ ‘ಚಾಚಿ ೪೨೦’—ಈ ಮೂರರಲ್ಲೂ ಮಗುವಿನಿಂದ ದೂರವಾದ ತಂದೆ ಹೆಂಗಸಿನ ವೇಷದಲ್ಲಿ ಮನೆಗೆಲಸಕ್ಕೆ ಸೇರುತ್ತಾನೆ. ಮಗುವನ್ನು ನೋಡಿಕೊಳ್ಳುವ, ಮನೆ ನಡೆಸುವ ದುಡಿಮೆಯ ಭಾರವನ್ನು ಅವನು ಅರಿಯುವಷ್ಟರ ಮಟ್ಟಿಗೆ ವೇಷವು ಭೀಮನ ಸೀರೆಯ ಕೆಲಸವನ್ನು ಮಾಡುತ್ತದೆ. ವಯಸ್ಸಾದ ಹೆಣ್ಣಿನ ಮೈಯನ್ನೇ ಆಡಿಕೊಳ್ಳುವಲ್ಲಿ ಅದು ಕೆಳಗಿನ ನಗೆಗೆ ಮರಳುತ್ತದೆ. ತಮಿಳು ಚಿತ್ರದ ಹೆಸರು ಔವೈಯಾರಳ ಪಾತ್ರದಿಂದ ಖ್ಯಾತರಾದ ನಟ ಟಿ. ಕೆ. ಷಣ್ಮುಗಂ ಅವರನ್ನು ನೆನಪಿಸುತ್ತದೆ. ವಿನೋದದ ವೇಷವು ಗಂಭೀರವಾದ ಸ್ತ್ರೀಪಾತ್ರದ ಪರಂಪರೆಗೆ ಸಲ್ಲಿಸಿದ ವಂದನೆಯೆಂದು ಅದನ್ನು ತಿಳಿಯಬಹುದು.

೪

ಈ ವಿವೇಚನೆಯಿಂದ ಒಂದು ಒರೆಗಲ್ಲು ದೊರೆಯುತ್ತದೆ: ಸನ್ನಿವೇಶವು ಮುಗಿದಾಗ ನಾಚಿಕೆ ಯಾರ ಪಾಲಿಗೆ ಉಳಿಯುತ್ತದೆ? ಇದನ್ನು ಕಾಲೇಜುಗಳ ರಂಗಕ್ಕೆ ಅನ್ವಯಿಸಿ ನೋಡೋಣ. ಹೆಣ್ಣು ನೋಡುವ ಶಾಸ್ತ್ರದ ಪ್ರಹಸನವು ಅಲ್ಲಿ ಬಹು ಪರಿಚಿತ. ಕಪ್ಪು ಬಳಿದುಕೊಂಡ, ದಪ್ಪ ದನಿಯ, ಎತ್ತರದ ಹುಡುಗನೊಬ್ಬ ವಧುವಾಗಿ ತಲೆ ತಗ್ಗಿಸಿ ಕುಳಿತಿರುತ್ತಾನೆ. ಮುಖ ಕಂಡ ವರನು ಮೂರ್ಛೆ ಹೋಗುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಇಲ್ಲಿ ನಾಚಿಕೆ ಉಳಿಯುವುದು ಯಾರಿಗೆ? ವರನಿಗಲ್ಲ, ನಟನಿಗೂ ಅಲ್ಲ. ಅವನು ವೇಷ ಕಳಚಿ ಬಹುಮಾನ ಪಡೆಯುತ್ತಾನೆ. ಸಭೆಯಲ್ಲಿ ಕುಳಿತ ಕಪ್ಪು ಬಣ್ಣದ, ಎತ್ತರದ, ಒರಟು ದನಿಯ ಹುಡುಗಿಗೆ ಕಳಚಲು ವೇಷವಿಲ್ಲ. ಅಂಥ ಚಾವಡಿಗಳಲ್ಲಿ ನಿಜವಾಗಿಯೇ ಕುಳಿತು, ನಿಜವಾಗಿಯೇ ಬೇಡವೆನ್ನಿಸಿಕೊಳ್ಳುವವಳು ಅವಳು.

ಅದೇ ಹುಡುಗ, ಅದೇ ಸೀರೆ, ಅದೇ ಚಾವಡಿ ಇರಲಿ; ಪ್ರಹಸನವನ್ನು ಬೇರೆ ಬಗೆಯಲ್ಲಿ ಬರೆಯೋಣ. ನಡೆದು ತೋರಿಸು ಎನ್ನುತ್ತಾರೆ; ಹಾಡು ಎನ್ನುತ್ತಾರೆ; ಜಡೆಯ ಉದ್ದವನ್ನು ಕಣ್ಣಲ್ಲೇ ಅಳೆಯುತ್ತಾರೆ; ಉಪ್ಪಿಟ್ಟು ಮೆಲ್ಲುತ್ತ ವರೋಪಚಾರದ ಲೆಕ್ಕ ಮಾಡುತ್ತಾರೆ. ತಾನು ಎಂದೂ ಕೇಳಿಸಿಕೊಳ್ಳದ ಪ್ರಶ್ನೆಗಳನ್ನು ಒಬ್ಬ ಗಂಡುಮಗ ಮೊದಲ ಬಾರಿಗೆ ಕೇಳಿಸಿಕೊಳ್ಳುತ್ತಾನೆ. ಈಗ ನಗೆಪಾಟಲಾಗುವವರು ಪ್ರಶ್ನೆ ಕೇಳುವವರು. ನಗೆಯಂತೂ ಕಡಮೆಯಾಗುವುದಿಲ್ಲ.

ಈ ವಿಷಯದಲ್ಲಿ ನಾವು ಮರೆಯಬಾರದ ಇನ್ನೊಂದು ವರ್ಗವುಂಟು. ಹೆಣ್ಣುಡುಗೆಯು ಕೆಲವರಿಗೆ ವಿನೋದವೂ ಅಲ್ಲ, ಪಾತ್ರವೂ ಅಲ್ಲ. ಅದು ಅವರ ಬದುಕು. ಎಲ್ಲಮ್ಮನ ಪರಂಪರೆಯ ಜೋಗತಿ ಮಂಜಮ್ಮನವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದರು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಮ್ಮ ಲಿಂಗಭಾವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಇಂಥವರಿಗೆ ಮಾನ್ಯಮಾಡಿತು. ಸೀರೆಯುಟ್ಟ ಗಂಡಸೆಂದರೆ ನಗಬೇಕೆಂಬ ಅಭ್ಯಾಸವು ರಂಗದಲ್ಲಿ ಬಲಿತು ಬೀದಿಗೆ ಇಳಿದಾಗ ಅದರ ಪೆಟ್ಟನ್ನು ಮೊದಲು ತಿನ್ನುವವರು ಇವರು. ಗಂಡಸು ಹೆಣ್ಣುಡುಗೆ ತೊಡುವುದೆಲ್ಲ ಅವಮಾನವೆಂದು ನಿಷೇಧಿಸಹೊರಡುವವರೂ ಇವರನ್ನೇ ನೋಯಿಸುತ್ತಾರೆಂಬುದನ್ನು ಗಮನಿಸಬೇಕು.

ಆದುದರಿಂದ ಸ್ತ್ರೀವೇಷವನ್ನು ರಂಗದಿಂದ ಬಹಿಷ್ಕರಿಸುವುದು ಉಚಿತವಲ್ಲ. ನಗೆಯೆಂಬ ಒಂದೇ ಕಾರಣದಿಂದ ಅದನ್ನು ಪ್ರಶ್ನಾತೀತವೆಂದು ಬಿಡುವುದೂ ಉಚಿತವಲ್ಲ. ಕಾಲೇಜಿನ ನಾಟಕಗಳನ್ನು ಆರಿಸುವ, ತಿದ್ದುವ, ಬಹುಮಾನಕ್ಕೆ ತೂಗುವ ಹೊಣೆ ಅಧ್ಯಾಪಕರದು. ಬರೆಯುವ, ಆಡುವ ಉತ್ಸಾಹ ವಿದ್ಯಾರ್ಥಿಗಳದು. ಸೀರೆಯುಟ್ಟು ಬಂದವನು ಹೆಣ್ಣಿನ ಸ್ಥಾನದಲ್ಲಿ ನಿಂತು ಏನನ್ನಾದರೂ ಕಂಡನೆ, ಅಥವಾ ಆ ಸ್ಥಾನವನ್ನು ತುಳಿದು ಹೋದನೆ ಎಂದು ಇಬ್ಬರೂ ಅಭ್ಯಾಸದ ಹಂತದಲ್ಲಿಯೇ ಕೇಳಿಕೊಳ್ಳುವುದಾದರೆ ನಮ್ಮ ಪ್ರಹಸನಗಳು ಹೆಚ್ಚು ನ್ಯಾಯವಾಗುವುವು; ಪ್ರಾಯಶಃ ಹೆಚ್ಚು ಹಾಸ್ಯಮಯವೂ ಆಗುವುವು.