ಕತ್ತರಿಸಿದ ಪುಟ, ಅಂಟಿಸಿದ ಪುಟ

ಆನ್ ಫ್ರ್ಯಾಂಕಳ ದಿನಚರಿಯನ್ನು ಯುದ್ಧಕಾಲದ ದಾಖಲೆಯೆಂದು ಓದುವುದು ನಮ್ಮ ರೂಢಿ. 13 ತುಂಬಿದ ನನ್ನ ಮಗಳು ಮೊನ್ನೆ ಅದನ್ನು ಓದಿ ಮುಗಿಸಿ, "ಅಮ್ಮಾ, ಅವಳೂ ನನ್ನ ಹಾಗೇ" ಎಂದಳು. ಯುದ್ಧದ ಮಾತನ್ನೇ ಎತ್ತಲಿಲ್ಲ. ನಾನು ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡೆ.

1942ರ ಜುಲೈಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಡಗುದಾಣವನ್ನು ಹೊಕ್ಕಾಗ ಆಕೆಗೆ 13 ವರ್ಷ. 1944ರ ಆಗಸ್ಟಿನಲ್ಲಿ ಸೆರೆಯಾದಾಗ 15. ಮೈ ಬೆಳೆಯುವ ಕಾಲವೆಲ್ಲ ಹೊಸಿಲು ದಾಟಲಾಗದ ಆ ಮನೆಯಲ್ಲೇ ಕಳೆಯಿತು. ಹುಡುಗಿ 13 ಸೆಂಟಿಮೀಟರಿಗೂ ಮಿಗಿಲಾಗಿ ಬೆಳೆದಳು. ಅಳತೆಯ ಪೆನ್ಸಿಲ್ ಗೆರೆಗಳು ಗೋಡೆಯ ಮೇಲೆ ಇಂದಿಗೂ ಇವೆ. ಬಟ್ಟೆ ಗಿಡ್ಡವಾಯಿತು, ಬೂಟು ಬಿಗಿಯಾಯಿತು. ದೃಷ್ಟಿ ಮಂದವಾದರೂ ಕಣ್ಣಿನ ವೈದ್ಯರಲ್ಲಿಗೆ ಹೋಗುವಂತಿಲ್ಲ. ಊಟಕ್ಕೆ ಎಷ್ಟೋ ದಿನ ಕೊಳೆತ ಆಲೂಗಡ್ಡೆ. ಕಳವಳಕ್ಕೆ ವಲೇರಿಯನ್ ಗುಳಿಗೆ. ಇಂಥದರ ನಡುವೆ, 1944ರ ಜನವರಿಯ ಬರಹದಲ್ಲಿ, ಮುಟ್ಟಿನ ಮಾತು ಬರುತ್ತದೆ. ಅದುವರೆಗೆ ಮೂರೇ ಸಲ ಆಗಿತ್ತು. ನೋವು, ಕಿರಿಕಿರಿಗಳನ್ನು ಒಪ್ಪಿಕೊಂಡೇ ಅವಳು ಅದನ್ನು ತನಗೊಬ್ಬಳಿಗೇ ಸೇರಿದ ಸಂಭ್ರಮವೆಂಬಂತೆ ಕಾಯುತ್ತಾಳೆ. ದೊಡ್ಡವರಾದ ಮೇಲೆ ನೆನೆದು ಬರೆದದ್ದಲ್ಲ ಇದು, ಆಗುತ್ತಿರುವಾಗಲೇ ಬರೆದದ್ದು. ಅದರ ಬೆಲೆಯೆಲ್ಲ ಅಲ್ಲಿದೆ. ನನಗೂ ಆರತಿ ಎತ್ತಿ ಚಿಗಳಿ ತಿನ್ನಿಸಿದರು, ಆಮೇಲೆ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದರು. ಮೈಗೆ ಏನಾಗುತ್ತಿದೆಯೆಂದು ಮಾತ್ರ ಯಾರೂ ಹೇಳಲಿಲ್ಲ.

ತಂದೆ ಆಟ್ಟೊ ಫ್ರ್ಯಾಂಕ್ 1947ರಲ್ಲಿ ಹೊರತಂದ ಮೊದಲ ಡಚ್ ಆವೃತ್ತಿಯಲ್ಲಿ ಮೈಯ ವಿಷಯದ ಹಲವು ಭಾಗಗಳು ಬಿಟ್ಟುಹೋದವು. ಹೆಣ್ಣಿನ ಅಂಗರಚನೆಯನ್ನು ಪಾಠ ಹೇಳುವಷ್ಟು ಸ್ಪಷ್ಟವಾಗಿ ವಿವರಿಸುವ 1944ರ ಮಾರ್ಚಿನ ಪುಟ ಸಾಮಾನ್ಯ ಓದುಗರಿಗೆ ದೊರೆತದ್ದು 1991ರ ವಿಸ್ತೃತ ಆವೃತ್ತಿಯಲ್ಲಿ. ಸತ್ತ ಮಗಳ ಮಾನ ಕಾಯಹೊರಟ ತಂದೆಯನ್ನು ನಾನು ಹಳಿಯಲಾರೆ. ಆದರೆ ಆ ಪುಟವಿಲ್ಲದಿದ್ದರೆ ಆನ್ ಪೂಜೆಗೆ ಇಟ್ಟ ಪಟವಾಗುತ್ತಾಳೆ. ಅದು ಅಚ್ಚಾದದ್ದು ನ್ಯಾಯವೇ.

2018ರಲ್ಲಿ ನಡೆದದ್ದು ಬೇರೆ. 1942ರ ಸೆಪ್ಟೆಂಬರಿನ ಎರಡು ಪುಟಗಳನ್ನು ಅವಳೇ ಕಂದು ಕಾಗದ ಅಂಟಿಸಿ ಮುಚ್ಚಿದ್ದಳು. ಸಂಶೋಧಕರು ಬೆಳಕು ಹಾಯಿಸಿ, ಛಾಯಾಚಿತ್ರ ತೆಗೆದು ಓದಿದರು. ಒಳಗಿದ್ದುದು ನಾಲ್ಕು ಪೋಲಿ ನಗೆಹನಿ, ಲೈಂಗಿಕ ವಿಷಯದ 33 ಸಾಲು. ಇದರಿಂದ ಅವಳ ಬರಹಗಾರಿಕೆ ನಮಗೆ ಹೆಚ್ಚೇನೂ ತಿಳಿದಂತಾಗಲಿಲ್ಲ. ತಂದೆ ಮುಚ್ಚಿದ್ದು ಒಂದು, ಮಗಳು ತಾನಾಗಿ ಮುಚ್ಚಿದ್ದು ಇನ್ನೊಂದು. ಎರಡನ್ನೂ ಒಂದೇ ಉತ್ಸಾಹದಿಂದ ತೆರೆದದ್ದು ನನಗೆ ಸರಿಕಾಣದು.

ಈ ಸಂಗತಿಯನ್ನು ಮಗಳಿಗೆ ಹೇಳಿದೆ. "ಅವಳು ಮುಚ್ಚಿಟ್ಟದ್ದನ್ನು ಯಾಕಮ್ಮ ಓದಿದರು?" ಎಂದಳು. ಸಂಶೋಧನೆ ಎಂದೆ. ಒಪ್ಪಲಿಲ್ಲ.