ಎಂಟು ಹಾಕಿದ ಮೇಲೆ

ಹಾವೇರಿ ಜಿಲ್ಲೆಯ ಹಂಸಭಾವಿ, ಚಿಕ್ಕೇರೂರು, ತಿಳವಳ್ಳಿ ಕಡೆ ಬೈಕ್ ಲೈಸೆನ್ಸ್ ಅಂದರೆ ಎಂಟು. ಎಲ್‌ಎಲ್‌ಆರ್ ಕೈಗೆ ಬಂದು 30 ದಿನ ಕಳೆಯಬೇಕು. ಆಮೇಲೆ ಬ್ರೇಕ್ ಇನ್‌ಸ್ಪೆಕ್ಟರ್ ನೋಡುತ್ತಿರುವಾಗ ಕಾಲು ನೆಲಕ್ಕೆ ತಾಗಿಸದೆ ಎಂಟಿನ ಆಕಾರದಲ್ಲಿ ಗಾಡಿ ತಿರುಗಿಸಬೇಕು. ಹಿಂದಿನ ಸಂಜೆ ಶಾಲೆಯ ಬಯಲಿನಲ್ಲಿ ಎಂಟು ಹಾಕಿ ಹಾಕಿ ರೂಢಿ ಮಾಡಿಕೊಳ್ಳುವುದು, ತನ್ನ ಗಾಡಿ ಭಾರವೆನಿಸಿದರೆ ಗೆಳೆಯನ ಹಗುರ ಗಾಡಿ ತರುವುದು, ತಯಾರಿ ಎಂದರೆ ಇಷ್ಟೇ. ಈ ಪರೀಕ್ಷೆಗೂ ಈ ತಯಾರಿಗೂ ಸರಿಯಾಗಿ ಬೆಲೆ ಕಟ್ಟಬೇಕಾಗಿದೆ. ಯಾಕೆಂದರೆ ಕೆಎ 27, ಕೆಎ 68 ನಂಬರಿನ ಗಾಡಿ ಹತ್ತಿದ ಬಹಳ ಜನರ ಕಲಿಕೆ ಅಲ್ಲಿಗೇ ನಿಂತುಬಿಡುತ್ತದೆ.

ಮೊದಲು ಎಂಟಿನ ಗುಣವನ್ನೇ ಹೇಳುತ್ತೇನೆ. ಅದನ್ನು ಹಗುರವಾಗಿ ಕಾಣುವವರು ಗಾಡಿಯನ್ನು ಸರಿಯಾಗಿ ಅರಿತವರಲ್ಲ. ವೇಗವಾಗಿ ಹೋಗುವ ಗಾಡಿ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ನಿಧಾನದ ಗಾಡಿಯನ್ನು ಸವಾರನೇ ನೆಟ್ಟಗೆ ಇಡಬೇಕು. ಕ್ಲಚ್ಚನ್ನು ಅರ್ಧ ಹಿಡಿದು, ರೇಸನ್ನು ಒಂದೇ ಹದದಲ್ಲಿಟ್ಟು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ, ಕಣ್ಣನ್ನು ಮುಂದಿನ ತಿರುವಿನ ಮೇಲಿಟ್ಟರೆ ಎಂಟು ತಾನಾಗಿ ಬರುತ್ತದೆ. ಸಂತೆಯ ಗದ್ದಲದಲ್ಲಿ, ಬಸ್‌ ನಿಲ್ದಾಣದ ಎದುರಿನ ಇಕ್ಕಟ್ಟಿನಲ್ಲಿ, ಹೊಲದ ದಾರಿಯ ಕೆಸರಿನಲ್ಲಿ ಈ ವಿದ್ಯೆ ದಿನವೂ ಬೇಕು. ಆದರೆ ಬಯಲಿನ ತಯಾರಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮುಂಗಾಲಿಯ ಕೆಳಗಿನ ಗೆರೆಯನ್ನೇ ನೋಡುತ್ತ, ತಲೆ ತಗ್ಗಿಸಿ ಆಕಾರವನ್ನು ಬಾಯಿಪಾಠ ಮಾಡುತ್ತಾರೆ. ನೋಟ ಎಲ್ಲಿಗೋ ಗಾಡಿ ಅಲ್ಲಿಗೆ ಎಂಬ ಚಾಲನೆಯ ಮೊದಲ ಸೂತ್ರವೇ ಅಲ್ಲಿ ಉಲ್ಟಾ ಆಗುತ್ತದೆ.

ಎಂಟು ಮುಗಿಯುವವರೆಗೆ ಗಾಡಿ ಎರಡನೇ ಗೇರು ಕಾಣುವುದಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಿಂದ ಈ ಸವಾರ ಹೇಗೆ ನಿಲ್ಲಿಸುತ್ತಾನೆ, ಬಲಕ್ಕೆ ತಿರುಗುವ ಮುಂಚೆ ಹಿಂದೆ ನೋಡುತ್ತಾನೋ ಇಲ್ಲವೋ ಎಂಬುದನ್ನು ಲೈಸೆನ್ಸ್ ಕೊಡುವವರು ನೋಡಿರುವುದಿಲ್ಲ.

ಕಾನೂನು ಇಷ್ಟು ಬಡವಾಗಿದೆಯೇ? ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೇ ನಿಯಮವನ್ನು ತೆರೆದು ನೋಡಿ. ಕನ್ನಡಿ ಸರಿಪಡಿಸಿಕೊಳ್ಳುವುದರಿಂದ ಅದರ ಪಟ್ಟಿ ಶುರುವಾಗುತ್ತದೆ. ಮೇಲಿನ ಗೇರಿನವರೆಗೆ ಏರಿಸುವುದು, ಇಳಿಜಾರಿನಲ್ಲಿ ಗೇರು ತಗ್ಗಿಸುವುದು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು, ಓವರ್‌ಟೇಕ್ ಮಾಡುವುದು, ಇನ್ನೊಬ್ಬರಿಗೆ ಮಾಡಲು ಬಿಡುವುದು, ತುರ್ತಿನಲ್ಲಿ ನಿಲ್ಲಿಸುವುದು, ರಸ್ತೆಯ ಸ್ಥಿತಿಗೆ ತಕ್ಕ ವೇಗ ಹಿಡಿಯುವುದು ಎಲ್ಲವೂ ಅಲ್ಲಿವೆ. ನಡೆದು ಹೋಗುವವರು, ಸೈಕಲ್ಲಿನವರು, ಬೇರೆ ವಾಹನದವರು ಮುಂದೆ ಏನು ಮಾಡಬಹುದೆಂದು ಊಹಿಸಬಲ್ಲನೇ ಎಂದು ನೋಡಬೇಕೆಂದೂ ಅಲ್ಲಿ ಬರೆದಿದೆ. ಕೊನೆಯಲ್ಲಿ ರಸ್ತೆಯ ಮೇಲಿನ ಸೌಜನ್ಯವನ್ನೂ ಸೇರಿಸಿದ್ದಾರೆ. ಈ ಪಟ್ಟಿಯನ್ನು ಬರೆದವರಿಗೆ ರಸ್ತೆ ಗೊತ್ತಿತ್ತು. ನಡೆದಿರುವ ಅನ್ಯಾಯವೆಂದರೆ, ಅಷ್ಟು ದೊಡ್ಡ ಪಟ್ಟಿಯನ್ನು ಆಚರಣೆಯಲ್ಲಿ ಒಂದು ಅಂಕಿಗೆ ಇಳಿಸಿದ್ದು.

ಇದೇ ಪಟ್ಟಿಯನ್ನು ಮನಸ್ಸಿಟ್ಟು ಪರೀಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲಿ ಒಂದು ಮಾದರಿ ಇದೆ. 1956ರಲ್ಲಿ ಅಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಮೋಟರಿಸ್ಟ್ಸ್ ಹುಟ್ಟಿತು; 1976ರಲ್ಲಿ ಮೋಟಾರ್‌ಸೈಕಲ್ ಸವಾರರಿಗೂ ಅದರ ಪರೀಕ್ಷೆ ತೆರೆಯಿತು. ಲೈಸೆನ್ಸ್ ಇದ್ದವರೇ ತಾವಾಗಿ ಬಂದು ಕೊಡುವ ಮೇಲ್ದರ್ಜೆಯ ಪರೀಕ್ಷೆ ಇದು. ಪರೀಕ್ಷಕ ತನ್ನ ಬೈಕಿನಲ್ಲಿ ಹಿಂದೆ ಬರುತ್ತ ಊರೊಳಗೆ, ಹಳ್ಳಿ ರಸ್ತೆಯಲ್ಲಿ, ಹೆದ್ದಾರಿಯಲ್ಲಿ ಸವಾರಿಯನ್ನು ಗಮನಿಸುತ್ತಾನೆ. ರಾಸ್ಪಾ ಎಂಬ ಇನ್ನೊಂದು ಸಂಸ್ಥೆ ಚಿನ್ನ, ಬೆಳ್ಳಿ, ಕಂಚು ಎಂದು ದರ್ಜೆ ಕೊಟ್ಟು, ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತದೆ. ಇವೆರಡಕ್ಕೂ ಆಧಾರ ಅಲ್ಲಿನ ಪೊಲೀಸ್ ಸವಾರರ ಕೈಪಿಡಿ ‘ಮೋಟಾರ್‌ಸೈಕಲ್ ರೋಡ್‌ಕ್ರಾಫ್ಟ್’. ಅದು ಕಲಿಸುವ ಕ್ರಮ ಐದು ಮಾತಿನದು: ಮಾಹಿತಿ, ಜಾಗ, ವೇಗ, ಗೇರು, ರೇಸು. ಮೊದಲು ನೋಡು, ರಸ್ತೆಯಲ್ಲಿ ನಿನ್ನ ಜಾಗ ಹಿಡಿ, ವೇಗ ಇಳಿಸು, ಆ ವೇಗಕ್ಕೆ ತಕ್ಕ ಗೇರು ಹಾಕು, ತಿರುವಿನಲ್ಲಿ ರೇಸನ್ನು ಹದವಾಗಿ ಇಟ್ಟು ದಾಟು. ಇದರ ಬೆನ್ನೆಲುಬು ಒಂದೇ ಕಟ್ಟಳೆ: ಕಣ್ಣಿಗೆ ಖಾಲಿ ಕಾಣುವಷ್ಟು ದಾರಿಯೊಳಗೆ, ರಸ್ತೆಯ ನಿನ್ನ ಬದಿಯಲ್ಲೇ ನಿಲ್ಲಿಸಲು ಸಾಧ್ಯವಿರಬೇಕು.

ಲೆಕ್ಕ ಹಾಕಿ ನೋಡಿ. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎಮ್ಮೆ ಕಂಡು ಕೈ ಬ್ರೇಕಿಗೆ ಬರುವ ಒಂದು ಸೆಕೆಂಡಿನಲ್ಲೇ ಅಷ್ಟು ದೂರ ಹೋಯಿತು. ಒಣ ಡಾಂಬರಿನಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೂ 23 ಮೀಟರ್ ಬೇಕು. ಒಟ್ಟು 40 ಮೀಟರ್. ವೇಗ 40ಕ್ಕೆ ಇಳಿದರೆ ಒಟ್ಟು 21 ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. ರಾತ್ರಿ, ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆಯುವಾಗ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರ್ 40 ಮೀಟರ್ ಮುಂಚೆ ಕಾಣುವುದಿಲ್ಲ.

ಬ್ರೇಕಿನ ಮಾತು ಬಂದಿತು. ನಮ್ಮ ಭಾಗದಲ್ಲಿ ಗಾಡಿ ಕಲಿಸುವ ಅಣ್ಣಂದಿರು, ಕಾಕಾಗಳು ಮೊದಲು ಹೇಳುವುದೇ, “ಮುಂದಿನ ಬ್ರೇಕ್ ಹಿಡಿಬ್ಯಾಡೋ, ಪಲ್ಟಿ ಹೊಡಿತೀ” ಎಂದು. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ನಮ್ಮ ಇಡೀ ಕಲಿಕೆಯಲ್ಲಿ ಅತಿ ದುಬಾರಿಯಾದ ಪಾಠ ಅದು. ಬ್ರೇಕ್ ಬಿದ್ದ ಕ್ಷಣ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಮುಂಗಾಲಿ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂಗಾಲಿ ಹಗುರಾಗುತ್ತದೆ. ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದೆಯೇ ಇದೆ. ಹಿಂದಿನದನ್ನಷ್ಟೇ ಜೋರಾಗಿ ತುಳಿದವನ ಗಾಲಿ ಕಚ್ಚಿಕೊಂಡು ಜಾರುತ್ತದೆ, ಗಾಡಿ ಅಡ್ಡ ತಿರುಗುತ್ತದೆ, ನಿಲ್ಲುವ ದೂರವೂ ಹೆಚ್ಚುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಲಾಸ್ ಏಂಜಲೀಸ್ ಸುತ್ತ 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಕೊಟ್ಟ ವರದಿಯೂ ಇದನ್ನೇ ಹೇಳಿತು: ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿಯುತ್ತಾರೆ, ಮುಂದಿನದನ್ನು ಸಾಲದಷ್ಟು ಹಿಡಿಯುತ್ತಾರೆ. ಅಪಘಾತಕ್ಕೆ ಸಿಕ್ಕವರಲ್ಲಿ ಶೇಕಡ 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ತಪ್ಪಿಸಿಕೊಳ್ಳಲು ಅವರಿಗೆ ಸಿಕ್ಕ ಸಮಯ ಎರಡು ಸೆಕೆಂಡಿಗಿಂತ ಕಡಿಮೆ.

ಅಣ್ಣಂದಿರ ಭಯಕ್ಕೆ ಕಾರಣವಿಲ್ಲವೆಂದಲ್ಲ. ಗಾಡಿ ವಾಲಿರುವಾಗ, ಹ್ಯಾಂಡಲ್ ತಿರುಗಿರುವಾಗ, ಉಸುಕಿನ ಮೇಲೆ ಮುಂದಿನ ಬ್ರೇಕನ್ನು ಗಪ್ಪನೆ ಹಿಡಿದರೆ ಬೀಳುವುದು ಖಂಡಿತ. ಹಿಡಿಯಬೇಡ ಎನ್ನುವ ಬದಲು ಹೇಗೆ ಹಿಡಿಯಬೇಕೆಂದು ಹೇಳಬೇಕಿತ್ತು: ಗಾಡಿ ನೆಟ್ಟಗಿರಲಿ, ರೇಸು ಪೂರ್ತಿ ಬಿಡು, ಮೊದಲು ಮೆಲ್ಲಗೆ ಒತ್ತಿ ಭಾರ ಮುಂದಕ್ಕೆ ಬರಲಿ, ಆಮೇಲೆ ಗಟ್ಟಿಯಾಗಿ ಹಿಂಡು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ, ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಸಣ್ಣವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಸಾಕೆಂದರು. ಹೊಲಕ್ಕೆ, ಡೈರಿಗೆ, ಕಾಲೇಜಿಗೆ ಓಡುವ ನಮ್ಮ ಗಾಡಿಗಳು ಹೆಚ್ಚಾಗಿ ಆ ಸಣ್ಣ ಗಾಡಿಗಳೇ. ಇಲ್ಲಿ ಯಂತ್ರದ ಕೊರತೆಯನ್ನು ಕೈಯೇ ತುಂಬಬೇಕು.

ಹಾಗೆಂದು ಬ್ರಿಟಿಷ್ ಕೈಪಿಡಿಯನ್ನು ಇದ್ದಂತೆಯೇ ಎತ್ತಿ ತಂದರೆ ಕೆಲಸವಾಗದು. ಎಡ ತಿರುವಿನಲ್ಲಿ ದೂರ ಕಾಣಲೆಂದು ರಸ್ತೆಯ ನಡುಗೆರೆಯ ಕಡೆ ಸರಿ ಎಂದು ಅದು ಹೇಳುತ್ತದೆ. ಹಾನಗಲ್ಲಿನಿಂದ ಶಿರಸಿ ಕಡೆಯ ಕಾಡಿನ ತಿರುವುಗಳಲ್ಲಿ ಹಾಗೆ ಸರಿದರೆ, ತಿರುವನ್ನು ಕಡಿದುಕೊಂಡು ಬರುವ ಬಸ್ಸಿಗೆ ಎದೆ ಕೊಟ್ಟಂತೆ. ನೋಟಕ್ಕಿಂತ ಸುರಕ್ಷೆ ದೊಡ್ಡದೆಂದು ಆ ಪುಸ್ತಕವೇ ಎಚ್ಚರಿಸುತ್ತದೆ, ನಿಜ. ಆದರೆ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿರುವುದನ್ನು ಅದು ಕಂಡಿಲ್ಲ. ಸುಗ್ಗಿಯಲ್ಲಿ ಆ ಕಾಳು ಗಾಲಿಯ ಕೆಳಗೆ ಬೇರಿಂಗ್ ಗುಂಡಿನಂತೆ ಉರುಳುತ್ತದೆ. ರಾಶಿಗೆ ಅಡ್ಡಲಾಗಿ ಕಲ್ಲನ್ನೂ ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿಯ ರಾಡಿ ಡಾಂಬರಿನ ಮೇಲೆ ಬಿದ್ದಿರುತ್ತದೆ. ಎರಡಕ್ಕೂ ಮದ್ದು ಒಂದೇ: ಅದರ ಮೇಲೆ ಹೋಗುವ ಮುಂಚೆಯೇ ವೇಗ ಇಳಿದಿರಬೇಕು, ಮೇಲೆ ಹೋದಾಗ ಬ್ರೇಕ್ ಬೇಡ, ವಾಲುವುದು ಬೇಡ, ರೇಸು ಒಂದೇ ಹದದಲ್ಲಿರಲಿ. ಗೋವಿನಜೋಳ ಆಳೆತ್ತರ ಬೆಳೆದು ರಸ್ತೆಯಂಚಿಗೇ ನಿಂತ ತಿಂಗಳುಗಳಲ್ಲಿ ನೇರ ರಸ್ತೆಯೂ ತಿರುವಿನಷ್ಟೇ ಕುರುಡು.

ಆ ಬ್ರಿಟಿಷ್ ಪದ್ಧತಿಯಿಂದ ನಾವು ತಪ್ಪದೆ ತೆಗೆದುಕೊಳ್ಳಬೇಕಾದದ್ದು ಬಾಯಿಬಿಟ್ಟು ಹೇಳುತ್ತ ಗಾಡಿ ಓಡಿಸುವ ಅಭ್ಯಾಸ. ಕಂಡದ್ದನ್ನು, ಅದರಿಂದ ಏನಾಗಬಹುದೆಂಬುದನ್ನು, ತಾನೇನು ಮಾಡುವೆನೆಂಬುದನ್ನು ಹೆಲ್ಮೆಟ್ಟಿನೊಳಗೆ ತನಗೆ ತಾನೇ ಹೇಳಿಕೊಳ್ಳಬೇಕು. ನಮ್ಮ ಮಾತಿನಲ್ಲಿ ಅದು ಹೀಗೆ ಬರುತ್ತದೆ: “ಮುಂದ ಚಕ್ಕಡಿ ಐತಿ. ಎದುರಿಗಿ ಬಸ್ಸು ಬಂತು, ಈಗ ದಾಟಾಂಗಿಲ್ಲ. ಎಡಕ್ಕ ಒಂದು ಎಮ್ಮಿ ದಾಟ್ತು, ಹಿಂದ ಇನ್ನೊಂದು ಇರಬೇಕು, ಕಾಯೂ ಹುಡುಗನೂ ಇರಬೇಕು. ರೇಸ್ ಬಿಟ್ಟೆ.” ಇತರರ ನಡೆಯನ್ನು ಊಹಿಸಬೇಕೆಂದು 15ನೇ ನಿಯಮ ಕೇಳುವುದು ಇದನ್ನೇ.

ಈಗ ಬೆಂಗಳೂರಿನ ಜ್ಞಾನಭಾರತಿಯಂಥ ಕಡೆ ಸೆನ್ಸರ್ ಜೋಡಿಸಿದ ಸ್ವಯಂಚಾಲಿತ ಟ್ರ್ಯಾಕುಗಳು ಬಂದಿವೆ. ಶಿಫಾರಸು, ದಯೆ ಎರಡೂ ಅಲ್ಲಿ ನಡೆಯುವುದಿಲ್ಲ; ಅದು ದೊಡ್ಡ ಲಾಭವೇ. ಆದರೆ ಗೆರೆ ಮುಟ್ಟಿದ್ದನ್ನು, ಕಾಲು ಊರಿದ್ದನ್ನು ಹಿಡಿಯುವ ಸೆನ್ಸರ್ ಸವಾರನ ಊಹೆಯನ್ನು ಅಳೆಯಲಾರದು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಜನ ಹಿಂದೆ ಕೂತವರು. ಲೈಸೆನ್ಸ್ ಟೆಸ್ಟಿನ ದಿನ ಎರವಲು ಹೆಲ್ಮೆಟ್ ತೊಟ್ಟು, ಮರಳುವಾಗ ಕನ್ನಡಿಯನ್ನೂ ಬಿಚ್ಚಿಟ್ಟು ಬರುವ ರೂಢಿಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ನನ್ನ ತೀರ್ಮಾನ ಇದು: ಎಂಟು ಉಳಿಯಲಿ, ಆದರೆ ಪರೀಕ್ಷೆ ಅಲ್ಲಿಂದ ಶುರುವಾಗಲಿ. ಇದಕ್ಕೆ ಹೊಸ ಕಾನೂನು ಬೇಡ; ಅಂಗಳ ದಾಟಿ ಅರ್ಧ ಗಂಟೆ ರಸ್ತೆಯ ಮೇಲೆ 15ನೇ ನಿಯಮವನ್ನು ನಡೆಸಿದರೆ ಸಾಕು. ಹಂಸಭಾವಿ ಸುತ್ತಲಿನ ಹಳ್ಳಿಗಳ ಮಕ್ಕಳು ಓದಲು ಬರುವ ಊರು. ಪ್ರತಿ ವರ್ಷ ಇಲ್ಲಿನ ಕಾಲೇಜುಗಳಲ್ಲಿ 18 ತುಂಬಿದ ಹುಡುಗ ಹುಡುಗಿಯರ ಹೊಸ ಸಾಲೊಂದು ಎಲ್‌ಎಲ್‌ಆರ್ ಮಾಡಿಸುತ್ತದೆ. ಆ ಕಾಲೇಜುಗಳವರು, ಊರಿನ ಹಿರಿಯರು, ಸಾರಿಗೆ ಇಲಾಖೆಯವರು ಸೇರಿ ವರ್ಷಕ್ಕೊಮ್ಮೆ ಮೈದಾನದಲ್ಲಿ ಅವರಿಗೆ ಎರಡೂ ಬ್ರೇಕ್ ಹಿಡಿದು ನಿಲ್ಲಿಸುವುದನ್ನು ಕಲಿಸಲಿ. ಗೋವಿನಜೋಳ ರಸ್ತೆಗೆ ಬರುವ ಮುಂಚೆ, ಈ ಮಳೆಗಾಲದಲ್ಲೇ ಅದು ಆಗಲಿ ಎಂದು ಕೇಳಿಕೊಳ್ಳುತ್ತೇನೆ.