ಹಣ, ನೆಲೆ, ಕಲಿಕೆ: ಮಾಂಟ್‌ಗೊಮೆರಿ ಕೌಂಟಿಯ ಒಂದು ಅಧ್ಯಯನ

ಬಡ ಮಕ್ಕಳ ಕಲಿಕೆಯನ್ನು ಹಣವು ಸುಧಾರಿಸಬಲ್ಲುದೇ ಎಂಬುದು ಅಮೆರಿಕದ ಶಿಕ್ಷಣಚರಿತ್ರೆಯಲ್ಲಿ ಹಳೆಯ ವಿವಾದ. 2010ರಲ್ಲಿ ಸೆಂಚುರಿ ಫೌಂಡೇಷನ್ ಪ್ರಕಟಿಸಿದ ಹೀದರ್ ಶ್ವಾರ್ಟ್ಜ್ ಅವರ ಅಧ್ಯಯನವನ್ನು ಓದಿದವರು, ಅದು ಹಣದ ವಿರುದ್ಧ ತೀರ್ಪಿತ್ತಿತೆಂದು ಭಾವಿಸುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ.

ಅಧ್ಯಯನದ ಕ್ಷೇತ್ರವು ವಾಷಿಂಗ್‌ಟನ್ ನಗರದ ಅಂಚಿನಲ್ಲಿರುವ, ಮೇರಿಲೆಂಡ್ ರಾಜ್ಯದ ಮಾಂಟ್‌ಗೊಮೆರಿ ಕೌಂಟಿ. ಅಲ್ಲಿ ಇಡೀ ಕೌಂಟಿಗೆ ಒಂದೇ ಶಾಲಾಮಂಡಲಿ, ಒಂದೇ ಆಯವ್ಯಯ. ಇದು ಎಲ್ಲೆಡೆಯ ಪದ್ಧತಿಯಲ್ಲ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ, 1967-68ರಲ್ಲಿ, ಬಡವರ ಎಡ್ಜ್‌ವುಡ್ ಮಂಡಲಿಗೆ ವಿದ್ಯಾರ್ಥಿಯೊಬ್ಬನ ಪಾಲಿಗೆ 356 ಡಾಲರುಗಳೂ ಸಿರಿವಂತರ ಆಲಮೋ ಹೈಟ್ಸ್‌ಗೆ 594 ಡಾಲರುಗಳೂ ದೊರೆಯುತ್ತಿದ್ದುವು. ಆಸ್ತಿತೆರಿಗೆಯನ್ನು ನೆಚ್ಚಿದ ಆ ಏರ್ಪಾಡು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟು 1973ರಲ್ಲಿ, ಐದಕ್ಕೆ ನಾಲ್ಕು ಮತಗಳಿಂದ, ತೀರ್ಮಾನಿಸಿತು. ಮಾಂಟ್‌ಗೊಮೆರಿಯಲ್ಲಾದರೋ ಪೊಟೊಮ್ಯಾಕ್‌ನ ಧನಿಕರ ತೆರಿಗೆಯು ವೀಟನ್‌ನ ವಲಸೆಗಾರರ ಮಕ್ಕಳ ಶಾಲೆಗೂ ಸಲ್ಲುತ್ತದೆ.

ಅಷ್ಟೇ ಅಲ್ಲ. ಬಡತನ ಹೆಚ್ಚಾಗಿರುವ ಶಾಲೆಗಳನ್ನು 'ಕೆಂಪು ವಲಯ'ವೆಂದು ಗುರುತಿಸಿ, ಮಂಡಲಿಯು ಅಲ್ಲಿ ಮಗುವೊಂದಕ್ಕೆ ಸುಮಾರು 2,000 ಡಾಲರುಗಳನ್ನು ಹೆಚ್ಚಾಗಿ ವೆಚ್ಚಮಾಡಿತು. ಸಣ್ಣ ತರಗತಿಗಳೂ ಪೂರ್ಣದಿನದ ಶಿಶುವಿಹಾರವೂ ಅದರಿಂದ ಬಂದುವು. ಉಳಿದುದು 'ಹಸುರು ವಲಯ'. ಸಾರ್ವಜನಿಕ ವಸತಿಗಳು ಎರಡು ವಲಯಗಳಲ್ಲಿಯೂ ಚದರಿದ್ದುವು. ಯಾವ ಕುಟುಂಬಕ್ಕೆ ಯಾವ ಮನೆ ಎಂಬುದು ಬಹುಮಟ್ಟಿಗೆ ಅದೃಷ್ಟದ ಮಾತು. ಈ ಆಕಸ್ಮಿಕವೇ ಲೇಖಕಿಯ ಪ್ರಯೋಗಶಾಲೆ. 2001ರಿಂದ 2007ರವರೆಗೆ ಇಂತಹ ಸುಮಾರು 850 ಮಕ್ಕಳ ಕಲಿಕೆಯನ್ನು ಅವರು ಪರಿಶೀಲಿಸಿದರು. ಬಡತನ ತೀರ ಕಡಮೆಯಿದ್ದ ಶಾಲೆಗಳಿಗೆ ಹೋದವರು, ಪ್ರಾಥಮಿಕ ಘಟ್ಟದ ಕೊನೆಗೆ, ಬಡವರಲ್ಲದ ಮಕ್ಕಳಿಗೂ ತಮಗೂ ಇದ್ದ ಅಂತರವನ್ನು ಗಣಿತದಲ್ಲಿ ಅರ್ಧದಷ್ಟು, ಓದಿನಲ್ಲಿ ಮೂರನೆಯ ಒಂದಂಶದಷ್ಟು ತಗ್ಗಿಸಿದ್ದರು. ಹೆಚ್ಚಿನ ಹಣ ಪಡೆದ ಶಾಲೆಗಳ ಮಕ್ಕಳು ಅವರನ್ನು ಸರಿಗಟ್ಟಲಿಲ್ಲ. ಮೊದಲೆರಡು ವರ್ಷಗಳಲ್ಲಿ ಭೇದವು ಕಾಣದಷ್ಟು ಅಲ್ಪವಾಗಿದ್ದುದು, ಒಂದು ವರ್ಷದ ಅಂಕಪಟ್ಟಿಯಿಂದಲೇ ಶಾಲೆಯನ್ನು ಅಳೆಯುವವರು ಗಮನಿಸಬೇಕಾದ ಸಂಗತಿ.

ಇಷ್ಟರಿಂದ ಸಿದ್ಧವಾಗುವುದೇನು? ಸಹಪಾಠಿಗಳ ಪರಿಸರವು 2,000 ಡಾಲರುಗಳಿಗಿಂತ ಬಲವತ್ತರವಾಗಿತ್ತೆಂಬುದು. ಆ 2,000 ಡಾಲರುಗಳು ವ್ಯರ್ಥವಾದುವೆಂಬುದಲ್ಲ. ವ್ಯರ್ಥವೆನ್ನಬೇಕಾದರೆ, ಅದೇ ಬಡತನವಿದ್ದು ಆ ಹಣ ದೊರೆಯದಿದ್ದ ಶಾಲೆಗಳೊಡನೆ ಹೋಲಿಸಬೇಕಾಗಿತ್ತು. ಕೆಂಪು ವಲಯದ ಶಾಲೆಗಳು ಹಣವಿಲ್ಲದೆ ಇನ್ನೂ ಕುಸಿಯುತ್ತಿದ್ದುವೋ ಏನೋ! ಅಧ್ಯಯನದ ರಚನೆಯಲ್ಲಿ ಈ ಪ್ರಶ್ನೆಗೆ ಎಡೆಯಿಲ್ಲ.

ನಮ್ಮ ಮುಖ್ಯ ಆಕ್ಷೇಪವು ಬೇರೆ. ಈ ಮಕ್ಕಳಿಗೆ ಲಾಭವಾದುದು ಅವರು ಪ್ರತಿ ಶಾಲೆಯಲ್ಲಿಯೂ ಕೆಲವರೇ ಆಗಿದ್ದುದರಿಂದ. ಬಡತನದ ಪ್ರಮಾಣ ಏರಿದಂತೆ ಲಾಭವೂ ಕರಗುತ್ತದೆಂದು ಲೇಖಕಿಯೇ ತೋರಿಸಿದ್ದಾರೆ. ಇಂದು ಆ ಕೌಂಟಿಯ ವಿದ್ಯಾರ್ಥಿಗಳಲ್ಲಿ ಮೂರನೆಯ ಒಂದಂಶಕ್ಕಿಂತ ಹೆಚ್ಚಿನವರು ಉಚಿತ ಅಥವಾ ರಿಯಾಯಿತಿಯ ಊಟಕ್ಕೆ ಅರ್ಹರು. ಬಿಳಿಯರ ಬಹುಮತ ಹೋಗಿ ವರ್ಷಗಳಾದುವು. ಎಲ್ಲರನ್ನೂ ಚದರಿಸಿ ಕೂರಿಸುವಷ್ಟು ಸ್ಥಳಗಳು ಹಸುರು ವಲಯದಲ್ಲಿ ಎಲ್ಲಿವೆ?

ಚರಿತ್ರೆಯ ಅಧ್ಯಾಪಕರಾದ ನಮಗೆ ಮತ್ತೊಂದು ಮಾತೂ ಮುಖ್ಯವೆನಿಸುತ್ತದೆ. ಅದೃಷ್ಟವೆಂದು ಮೇಲೆ ಹೇಳಿದುದು ತಾನಾಗಿ ಒದಗಿದುದಲ್ಲ. ಹೊಸ ಬಡಾವಣೆಗಳಲ್ಲಿ ಒಂದು ಪಾಲು ಮನೆಗಳನ್ನು ಕಡಮೆ ಬೆಲೆಗೆ ಮೀಸಲಿಡಬೇಕೆಂದು ಕೌಂಟಿಯು 1974ರಲ್ಲಿಯೇ ಕಾನೂನನ್ನು ಜಾರಿಗೆ ತಂದಿತು. ಅವುಗಳಲ್ಲಿ ಮೂರನೆಯ ಒಂದಂಶದವರೆಗೆ ವಸತಿ ಆಯೋಗವು ಕೊಳ್ಳಬಹುದಾಗಿತ್ತು. ಅಲ್ಲಿಯೂ ಹಣವೇ ವೆಚ್ಚವಾಯಿತು, ಆದರೆ ಶಾಲೆಯ ಲೆಕ್ಕದಲ್ಲಿ ಅಲ್ಲ.